ಶರಣಮ್ಮನ ಕಿವಿಯ ಬೇವಿನ ಕಡ್ಡಿ

ಸಿಂಧನೂರಿನಲ್ಲಿ ಸತ್ತವರು ಬದುಕಿದ್ದಾಗಿನದಕ್ಕಿಂತ ಬೆಳ್ಳಗಿರುತ್ತಾರೆ. ಅದಕ್ಕೆ ಕಾರಣ ಅರ್ಜುಮಂದ್. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿರುವ ದೊಡ್ಡಬಸಪ್ಪನ ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು, ಆಧಾರ್ ಕಾರ್ಡಿನಲ್ಲಿ ಕಳ್ಳನ ಹಾಗೆ ಕಾಣುವ ಮುದುಕನಿಗೆ ಜರಿ ರುಮಾಲು ಸುತ್ತಿ ಯಜಮಾನನನ್ನಾಗಿ ಮಾಡುವುದು ಅವಳ ಕೆಲಸ. ಮನೆಯವರು ಅವಳ ಕುರ್ಚಿಯ ಹಿಂದೆ ಸಾಲಾಗಿ ನಿಂತು ಹೇಳುತ್ತಾರೆ, ಅವಳು ತಿದ್ದುತ್ತಾಳೆ. ಸ್ವಲ್ಪ ಕೆಂಪಗ ಮಾಡ್ರಿ, ಕೊಳ್ಳಾಗ ಬೋರಮಾಳ ಹಾಕ್ರಿ, ಸೀರಿ ರೇಷ್ಮಿದಿರಲಿ. ಬದುಕಿದ್ದಷ್ಟು ದಿನ ಕರಿಮಣಿಯಲ್ಲೇ ಕಾಲ ಕಳೆದ ಹೆಂಗಸರು ಸತ್ತ ಮರುದಿನ ಅವಳ ಕೈಯಲ್ಲಿ ಮೈತುಂಬ ಬಂಗಾರ ಹಾಕಿಕೊಳ್ಳುತ್ತಾರೆ. ಹಾಕಿಸಿದವರಿಗೂ ಸಮಾಧಾನ, ಹಾಕಿಕೊಂಡವರದಂತೂ ತಕರಾರಿಲ್ಲ.

ಇದು ಫೋಟೋ ಇದ್ದವರ ಮಾತು. ಒಂದು ಫೋಟೋವನ್ನೂ ಬಿಡದೆ ಹೋದವರೂ ಇರುತ್ತಾರಲ್ಲ, ಅಂಥವರನ್ನು ಅರ್ಜುಮಂದ್ ಹೇಳಿಸಿಕೊಂಡು ಬರೆಯುತ್ತಿದ್ದಳು. ಮೇಜಿನ ಮೇಲಿನ ಕಪ್ಪು ಹಲಗೆಯ ಮೇಲೆ ಪೆನ್ನು ಆಡಿಸಿದರೆ ಗೆರೆ ಎದುರಿನ ಪರದೆಯಲ್ಲಿ ಮೂಡುತ್ತದೆ. ಕಂಡವರು ಹೇಳಬೇಕು, ಅವಳು ಬರೆಯಬೇಕು. ಈ ವಿದ್ಯೆ ಸುತ್ತಿನ ತಾಲೂಕುಗಳಲ್ಲಿ ಬೇರೆ ಯಾರಿಗೂ ಇರಲಿಲ್ಲ. ಮಸ್ಕಿಯಿಂದ, ಜವಳಗೇರಾದಿಂದ ಮಂದಿ ಹುಡುಕಿಕೊಂಡು ಬರುತ್ತಿದ್ದರು. ನಾಲ್ಕು ಮಂದಿ ಬಂದರೆ ನಾಲ್ಕು ಮೂಗು ಹೇಳುವರು. ಒಬ್ಬನಿಗೆ ಅಪ್ಪನ ಮೂಗು ಗಿಣಿಯದು, ತಮ್ಮನಿಗೆ ಅದೇ ಅಪ್ಪನ ಮೂಗು ಮೊಂಡ. ಕೊನೆಗೆ ಯಾರ ದನಿ ದೊಡ್ಡದೋ ಅವರ ಮೂಗು ನಿಲ್ಲುತ್ತಿತ್ತು, ಮೇಲೊಂದಿಷ್ಟು ಬಂಗಾರ ಬೀಳುತ್ತಿತ್ತು. ನಿಜವಾದ ಮುಖ ಯಾರಿಗೂ ಬೇಡ ಎಂದು ಅವಳು ಎಂದೋ ತೀರ್ಮಾನಿಸಿಬಿಟ್ಟಿದ್ದಳು. ಆ ತೀರ್ಮಾನವನ್ನು ಕೆಡಿಸಿದವಳು ಗುರುಗುಂಟಾದ ಅಂಬಮ್ಮ.

ಅಂಬಮ್ಮನನ್ನು ಅಂಗಡಿಗೆ ಕರೆತಂದವನು ಮಗ ಅಮರಗುಂಡಪ್ಪ. ಲಿಂಗಸುಗೂರಿನಲ್ಲಿ ಅವನದು ಕಾಳುಕಡಿಯ ದೊಡ್ಡ ಅಂಗಡಿ, ಮನೆ ಗುರುಗುಂಟಾದಲ್ಲಿ. ತಾಯಿಯ ಕಣ್ಣು ತೋರಿಸಲು ಸಿಂಧನೂರಿಗೆ ಬಂದವನು, ಬಂದ ಕೈಯಲ್ಲೇ ತೀರಿಹೋದ ತಂದೆಯ ಹಳೆಯ ಫೋಟೋವನ್ನೂ ಹೊಸದು ಮಾಡಿಸೋಣವೆಂದು ಇತ್ತ ತಿರುಗಿದ್ದ. ಮುದುಕಿ ಸ್ಟೂಲಿನ ಮೇಲೆ ಕೂತು, ಗಂಡನ ಹಣೆಗೆ ವಿಭೂತಿ ಏರಿದ್ದು, ಗಲ್ಲ ತುಂಬಿದ್ದು, ಕೋಟು ಬಂದದ್ದು ಎಲ್ಲವನ್ನೂ ಮಾತಿಲ್ಲದೆ ಕೇಳಿಸಿಕೊಂಡಳು. ಕೆಲಸ ಮುಗಿದ ಮೇಲೆ ಮೆಲ್ಲಗೆ ಬಾಯಿ ಬಿಟ್ಟಳು.

"ಫೋಟೋ ಇಲ್ಲದವರ್ನೂ ಬರೀತೀಯಂತಲ್ಲ ಯವ್ವಾ, ಖರೇನ?"

"ಬರೀತೀನ್ರಿ ಅಮ್ಮಾ. ಯಾರನ್ನ ಬರೀಬೇಕ್ರಿ?"

"ನನ್ನ ಮಗಳು ಶರಣಮ್ಮ. ಸಣ್ಣಕಿದ್ದಾಗನ ಜ್ವರದಾಗ ಹೋದ್ಲು. ಇವ ಇನ್ನೂ ಹುಟ್ಟಿದ್ದಿಲ್ಲ ಆವಾಗ."

"ಅದ್ಯಾಕವ್ವ ಈಗ," ಎಂದ ಅಮರಗುಂಡಪ್ಪ. ಅವನಿಗೆ ಅಕ್ಕ ಎಂದರೆ ಒಂದು ಹೆಸರು, ಅಷ್ಟೇ. ಅವಳನ್ನು ಕಂಡ ಬೇರೆಯವರೆಲ್ಲ ಮಣ್ಣಿಗೆ ಸೇರಿದ್ದರು. ಆ ಹುಡುಗಿಯ ಮುಖ ಈ ಲೋಕದಲ್ಲಿ ಉಳಿದದ್ದು ಒಂದೇ ಕಡೆ, ಈ ಮುದುಕಿಯ ತಲೆಯೊಳಗೆ.

ಅರ್ಜುಮಂದ್ ಮೊದಲು ಒಂದು ಬಿಳಿ ಹಾಳೆಯ ಮೇಲೆ ಪೆನ್ಸಿಲಿನಿಂದ ಗೀರಿ ಕೊಟ್ಟಳು. ಅಂಬಮ್ಮ ಅದನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. "ಹಾಳಿ ಕಾಣತೈತಿ, ಗೆರಿ ಕಾಣವಲ್ದು," ಎಂದಳು. ಅದೇ ಗೆರೆಯನ್ನು ಪರದೆಯ ಮೇಲೆ ದಪ್ಪಗೆ ದೊಡ್ಡದು ಮಾಡಿ, ಬೆಳಕು ಏರಿಸಿದಾಗ ಮಾತ್ರ ಮುದುಕಿಯ ಕುತ್ತಿಗೆ ಮುಂದೆ ಬಂತು. ಹ್ಞಾ, ಈಗ ಕಾಣುತ್ತಿದೆಯಂತೆ.

ಎಲ್ಲರೂ ಕಣ್ಣಿನಿಂದಲೋ ಮೂಗಿನಿಂದಲೋ ಶುರು ಮಾಡಿದರೆ ಅಂಬಮ್ಮ ಕಿವಿಯಿಂದ ಶುರು ಮಾಡಿದಳು. ಎಡಗಿವಿ. ಮೇಲಿನ ಅಂಚು ಸ್ವಲ್ಪ ಮುಂದಕ್ಕೆ ಬಾಗಿದ್ದು. ಅರ್ಜುಮಂದ್ ಬರೆದಳು, ಮುದುಕಿ ತಲೆಯಾಡಿಸಿ ಅಷ್ಟಲ್ಲ ಎಂದಳು. ತಿದ್ದಿದಳು, ಇನ್ನೂ ಅಲ್ಲ ಎಂದಳು. ಮತ್ತೆ ಮತ್ತೆ ತಿದ್ದಿಸಿ, ಅದು ಸರಿಯಾದಾಗ ತನ್ನ ಕಿವಿಯನ್ನೇ ಒಮ್ಮೆ ಮುಟ್ಟಿಕೊಂಡಳು.

"ಕಿವಿ ಚುಚ್ಚಿಸಿ ಭಾಳ ದಿವಸ ಆಗಿದ್ದಿಲ್ಲ. ತೂತು ಮುಚ್ಚಬಾರದಂತ ಬೇವಿನ ಕಡ್ಡಿ ಇಟ್ಟಿದ್ದೆ. ಅದರಾಗ ಹೋದ್ಲು."

ಅರ್ಜುಮಂದಳಿಗೆ ಅಭ್ಯಾಸ ಬಾಯಿಗೆ ಬಂತು. "ಬಂಗಾರದ ಓಲಿ ಹಾಕ್ಲೇನ್ರಿ ಅಮ್ಮಾ? ಚಂದ ಕಾಣತೈತಿ."

"ಬ್ಯಾಡ. ಅಕಿ ಹಾಕ್ಕೊಳ್ಳಲಾರದ್ದನ್ನ ನೀ ಯಾಕ ಹಾಕ್ತಿ? ಬಂಗಾರ ಹಾಕಿದ್ರ ಅಕಿ ಬ್ಯಾರೆ ಯಾರರ ಮಗಳಾಗ್ತಾಳ."

ಅರ್ಜುಮಂದ್ ಪೆನ್ನು ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಮುದುಕಿಯ ಮುಖ ನೋಡಿದಳು. ಇಷ್ಟು ವರ್ಷ ಆ ಕುರ್ಚಿಯಲ್ಲಿ ಕೂತಿದ್ದಕ್ಕೆ ಮೊದಲ ಸಲ ಯಾರೋ ತನ್ನಿಂದ ನಿಜವನ್ನು ಕೇಳಿದ್ದರು. ಅವಳಿಗೆ ಖುಷಿಯಾಯಿತು, ಹೆದರಿಕೆಯೂ ಆಯಿತು. ಬೇವಿನ ಕಡ್ಡಿಯನ್ನು, ಅದರ ತುದಿಯ ಸಿಪ್ಪೆ ಒಂಚೂರು ಎದ್ದಿದ್ದರ ಸಮೇತ, ಬಂಗಾರವನ್ನು ಎಂದೂ ಬರೆಯದಷ್ಟು ಮನಸ್ಸಿಟ್ಟು ಬರೆದಳು. ಆಮೇಲೆ ಎಡ ಹುಬ್ಬು. ಕರು ಒದ್ದು ಹುಬ್ಬಿನ ನಡುವೆ ಗಾಯವಾಗಿ ಅಲ್ಲಿ ಕೂದಲು ಬಂದೇ ಇರಲಿಲ್ಲವಂತೆ. ಹುಬ್ಬು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಬ್ಯಾಟರಿಯ ಡಬ್ಬಿ ಕುಂಯ್ ಕುಂಯ್ ಎಂದು ಅತ್ತು ಸುಮ್ಮನಾಯಿತು. ಗುರುಗುಂಟಾದ ಬಸ್ಸಿನ ಹೊತ್ತೂ ಆಗಿತ್ತು.

ತಾಯಿಯನ್ನು ಆಟೋದಲ್ಲಿ ಕೂರಿಸಿ ಅಮರಗುಂಡಪ್ಪ ಒಂದು ಮಾತು ಹೇಳಲು ವಾಪಸು ಬಂದ. "ಸಕ್ಕರಿ ಬ್ಯಾನಿ ಕಣ್ಣಿಗೆ ಇಳದೈತಂತ ತಂಗಿ. ಇನ್ನ ಎಷ್ಟು ದಿವಸ ಕಾಣತೈತೋ ಹೇಳಾಕ ಬರಂಗಿಲ್ಲ ಅಂದಾರ ಡಾಕ್ಟ್ರು. ಮುಂದಿನ ವಾರನ ಮತ್ತ ಕರಕೊಂಡು ಬರ್ತೀನಿ."

ಮುಂದಿನ ವಾರ ಅಂಬಮ್ಮ ಬರಲಿಲ್ಲ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮಂಚ ಹಿಡಿದಳು. ಅಮರಗುಂಡಪ್ಪ ಫೋನು ಮಾಡಿದ: "ಅವ್ವ ಇನ್ನ ಬರಂಗಿಲ್ಲ ತಂಗಿ, ನೀವ ಬರಬೇಕು. ಅರ್ಧಕ್ಕ ಬಿಟ್ಟದ್ದನ್ನ ಮುಗಿಸ್ರಿ ಅಂತ ದಿನಾ ಕೇಳಾಕತ್ತಾಳ." ದೊಡ್ಡಬಸಪ್ಪನ ಕಂಪ್ಯೂಟರಿನಲ್ಲಿ ಒಂದು ಖಾಲಿ ಮುಖ ಕಾಯುತ್ತಿತ್ತು. ಒಂದು ಕಿವಿ, ಒಂದು ಹುಬ್ಬು, ನಡುವೆ ಏನೂ ಇಲ್ಲ.

ಕಾಗದ ಆ ಕಣ್ಣಿಗೆ ನಡೆಯುವುದಿಲ್ಲ, ಮೊಬೈಲಿನ ಪರದೆ ಸಾಲದು. ಅಂದರೆ ಹೊತ್ತುಕೊಂಡು ಹೋಗುವ ಕಂಪ್ಯೂಟರೇ ಬೇಕು. ದುಡ್ಡಿನ ತಾಪತ್ರಯವೇನೂ ಇರಲಿಲ್ಲ. ತನ್ನ ಮದುವೆಗೆಂದು ಕೂಡಿಟ್ಟದ್ದು ಮದುವೆ ಮುರಿದ ಮೇಲೆ ಹಾಗೇ ಕೂತಿತ್ತು. ತಾಪತ್ರಯ ಇದ್ದದ್ದು ಅರ್ಜುಮಂದಳ ಸ್ವಭಾವದಲ್ಲಿ. ಅವಳಿಗೆ ಒಂದು ಕಂಪ್ಯೂಟರು ಬೇಕಾಗಿರಲಿಲ್ಲ, ಕಂಪ್ಯೂಟರುಗಳಲ್ಲೆಲ್ಲ ಒಳ್ಳೆಯದು ಬೇಕಾಗಿತ್ತು. ಅಂಬಮ್ಮನ ಮಾತು ಕೇಳಿದಂದಿನಿಂದ ಅವಳ ಕಣ್ಣ ಮುಂದೆ ಬೇರೆಯದೇ ಬದುಕು ಕುಣಿಯುತ್ತಿತ್ತು. ಬೆನ್ನಿಗೊಂದು ಚೀಲ, ಚೀಲದಲ್ಲಿ ತನ್ನದೇ ಯಂತ್ರ. ಇವತ್ತು ಮಸ್ಕಿ, ನಾಳೆ ಲಿಂಗಸುಗೂರು. ಮಂಚ ಹಿಡಿದ ಮುದುಕ ಮುದುಕಿಯರ ಪಕ್ಕದಲ್ಲಿ ಕೂತು, ಅವರು ಕಣ್ಣು ಮುಚ್ಚುವುದರೊಳಗೆ ಅವರಲ್ಲಿದ್ದ ಮುಖಗಳನ್ನು ಇಳಿಸಿಕೊಳ್ಳುವುದು. ಇನ್ನು ಮೇಲೆ ಬಂಗಾರವಿಲ್ಲ, ಬಿಳಿ ಬಣ್ಣವಿಲ್ಲ.

ತಮ್ಮ ದಾನಿಷ್ ಮೊಬೈಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ, ಆದ್ದರಿಂದ ಲೋಕದ ಎಲ್ಲ ಯಂತ್ರಗಳ ಜಾತಕವೂ ತನಗೆ ಗೊತ್ತೆಂದು ನಂಬಿದ್ದ. ಅವನು ಮೊದಲು ತಂದು ತೋರಿಸಿದ್ದು ರೊಟ್ಟಿಯಷ್ಟು ತೆಳ್ಳಗಿನ ಟ್ಯಾಬ್. ಪರದೆಯ ಮೇಲೇ ಬರೆಯಬಹುದು, ಚೀಲದಲ್ಲಿ ಇದೆಯೋ ಇಲ್ಲವೋ ತಿಳಿಯದಷ್ಟು ಹಗುರ.

"ಆಪಾ, ಇದನ್ನ ತಗೊಂಡು ಸುಮ್ನಾಗು," ಎಂದ.

ಅರ್ಜುಮಂದ್ ಸುಮ್ಮನಾಗಲಿಲ್ಲ. ಅವಳು ವರ್ಷಗಟ್ಟಲೆ ಬಳಸಿದ ತಂತ್ರಾಂಶ ಅದರಲ್ಲಿ ಕೂರಲಿಲ್ಲ. ಚರ್ಮದ ಸುಕ್ಕಿಗೊಂದು, ತಲೆಗೂದಲಿಗೊಂದು ಎಂದು ತಾನೇ ಮಾಡಿಟ್ಟುಕೊಂಡ ಕುಂಚಗಳೆಲ್ಲ ಹೊರಗೇ ಉಳಿದವು. ಆಮೇಲೆ ಲಿಂಗಸುಗೂರಿನ ಒಂದು ಅಂಗಡಿಯಲ್ಲಿ, ಪರದೆಯನ್ನು ಪೂರಾ ಹಿಂದಕ್ಕೆ ಮಡಿಚಿ ಸ್ಲೇಟಿನಂತೆ ತೊಡೆಯ ಮೇಲಿಟ್ಟುಕೊಳ್ಳುವ ಲ್ಯಾಪ್‌ಟಾಪ್ ನೋಡಿದಳು. ಗಾಜು ಎಷ್ಟು ಮಿಂಚುತ್ತಿತ್ತೆಂದರೆ ಅದರಲ್ಲಿ ಅಂಗಡಿಯ ಟ್ಯೂಬ್‌ಲೈಟು, ಫ್ಯಾನು, ಅಂಗಡಿಯವನ ಬೋಳು ತಲೆ ಎಲ್ಲ ಕಂಡವು, ಬರೆದ ಗೆರೆಯೊಂದು ಬಿಟ್ಟು. ಮೂರನೆಯದು ಆಟವಾಡುವ ಹುಡುಗರ ಯಂತ್ರ, ಏನು ಹಾಕಿದರೂ ನಡೆಯುತ್ತಿತ್ತು. ಆದರೆ ಚಾರ್ಜರೊಂದೇ ಇಟ್ಟಿಗೆಯಷ್ಟು ಭಾರ, ತಂತಿ ಕಿತ್ತರೆ ಒಂದು ಮೂಗು ಮುಗಿಯುವುದರೊಳಗೆ ಉಸಿರು ಬಿಡುತ್ತಿತ್ತು. ಗುರುಗುಂಟಾದಲ್ಲಿ ಕರೆಂಟು ತನಗೆ ಮನಸ್ಸು ಬಂದಾಗ ಬರುವಂಥದ್ದು, ಅಲ್ಲಿಗೆ ಇದು ನಡೆಯುವುದಿಲ್ಲ.

ಊಟಕ್ಕೆ ಕೂತಾಗಲೂ ಅವಳು ಫೋನಿನಲ್ಲಿ ಯಂತ್ರಗಳ ವಿಡಿಯೋ ನೋಡತೊಡಗಿದಳು. ಅವುಗಳಲ್ಲಿ ಮಾತಾಡುವ ಹುಡುಗರು ಪರದೆಯ ಮೇಲೆ ಬೆಂಕಿ ಉಗುಳುವ ಪ್ರಾಣಿಗಳನ್ನು ಬರೆದು ತೋರಿಸಿ, ಎರಡು ತಿಂಗಳು ತಡೆಯಿರಿ, ಇದಕ್ಕಿಂತ ಒಳ್ಳೆಯದು ಬರುತ್ತದೆ ಎನ್ನುತ್ತಿದ್ದರು. ಅವರಿಗೇನು, ಆ ಪ್ರಾಣಿಗಳು ಎಷ್ಟು ದಿನ ಬೇಕಾದರೂ ಕಾಯುತ್ತವೆ. ಅರ್ಜುಮಂದಳೂ ಅವರ ಮಾತು ಕೇಳಿ ತಡೆದಳು. ಹೀಗೆ ಮೀನಮೇಷ ಎಣಿಸುವುದರಲ್ಲಿ ಊರಿನ ಮದುವೆಗಳ ಹಂಗಾಮು ಮುಗಿದು ಗದ್ದೆಗಳಿಗೆ ಕಾಲುವೆಯ ನೀರು ಬಂತು.

ನಡುವೆ ದೊಡ್ಡಬಸಪ್ಪನಿಗೆ ಎಂದಿಲ್ಲದ ಔದಾರ್ಯ ಬಂತು. "ಅಮಾಸಿ ದಿವಸ ಹೆಂಗೂ ಅಂಗಡಿ ಬಂದ್ ಇರತೈತಿ. ಈ ಕಂಪ್ಯೂಟರನ್ನ ಟಂಟಂ ಗಾಡ್ಯಾಗ ಹಾಕ್ಕೊಂಡು ಹೋಗಿ ಆ ಮುದುಕಿ ಕೆಲಸ ಮುಗಿಸಿ ಬಾರಬೇ," ಎಂದ. ಹೋಗಬಹುದಿತ್ತು. ಆದರೆ ಅಷ್ಟಗಲದ ಪರದೆ, ಪೆಟ್ಟಿಗೆ, ಬ್ಯಾಟರಿ ಎಲ್ಲವನ್ನೂ ಮದುಮಗಳ ಸಾಮಾನಿನ ಹಾಗೆ ಹೇರಿಕೊಂಡು ಊರವರ ಕಣ್ಣಿಗೆ ಬೀಳುವುದು ಅವಳಿಗೆ ಸರಿಬರಲಿಲ್ಲ. ಧೂಳಿಗೆ ಕೆಟ್ಟರೆ ನಿಮ್ಮ ಬೈಗುಳ ಯಾರು ತಿನ್ನಬೇಕು ಎಂದು ನಕ್ಕಳು. "ನಂದ ಬರ್ತೈತ್ರಿ ಅಣ್ಣಾರ, ಇನ್ನೇನು ಆರಿಸಿಬಿಡ್ತೀನಿ," ಎಂದಳು. ಆ ಅಮಾವಾಸ್ಯೆ ಹಾಗೆಯೇ ಹೋಯಿತು.

ಅಮರಗುಂಡಪ್ಪನ ಫೋನು ಬರುತ್ತಲೇ ಇತ್ತು. ಒಮ್ಮೆ ಫೋನನ್ನು ತಾಯಿಯ ಕೈಗೇ ಕೊಟ್ಟ. ಅರ್ಜುಮಂದ್ ಏನಾದರೂ ಕೇಳಬೇಕಲ್ಲ ಎಂದು ಹುಡುಗಿಯ ಮೈಬಣ್ಣ ಕೇಳಿದಳು.

"ಹುರಗಡ್ಲಿ ಸಿಪ್ಪಿ ಇರತೈತಲ್ಲ, ಹಂಗ," ಎಂದಳು ಅಂಬಮ್ಮ. "ಪೂರಾ ಕರ್ರಗೂ ಅಲ್ಲ, ಕೆಂಪಗೂ ಅಲ್ಲ. ಲಗೂನ ಬಾರವ್ವ. ನಂಗೀಗ ಮುಂಜಾನಿ ಹೊತ್ನ್ಯಾಗಷ್ಟ ಚಲೋ ಕಾಣತೈತಿ."

ಅರ್ಜುಮಂದ್ ಲಗೂನ ಬಾ ಎಂಬುದನ್ನು ಕೇಳಿಸಿಕೊಂಡಳು, ಆದರೆ ಅವಳ ತಲೆಯಲ್ಲಿ ನಿಂತದ್ದು ಹುರಿಗಡಲೆ ಸಿಪ್ಪೆಯ ಬಣ್ಣ.

ಆಗಲೇ ಮಸ್ಕಿಯ ನರಸಣ್ಣನ ಸುದ್ದಿ ಬಂತು. ಅವನು ಮದುವೆ ಫೋಟೋ ತೆಗೆಯುವವನು, ತನ್ನ ಲ್ಯಾಪ್‌ಟಾಪನ್ನು ಮಾರುವವನಿದ್ದ. ಅರ್ಜುಮಂದ್ ಅವತ್ತೇ ಬಸ್ಸು ಹತ್ತಿದಳು. ಅವನ ಸ್ಟುಡಿಯೋ ಮಹಡಿಯ ಮೇಲೆ, ಕಿಟಕಿಯಲ್ಲಿ ಗುಡ್ಡದ ಬಂಡೆಗಳು ಕಾಣುತ್ತಿದ್ದವು. ಯಂತ್ರ ಅವಳಿಗಾಗಿಯೇ ಮಾಡಿಸಿದಂತಿತ್ತು. ಪರದೆ ದೊಡ್ಡದು, ಮಿಂಚು ಕಡಿಮೆ, ಕಿಟಕಿಯ ಬಿಸಿಲಲ್ಲೂ ಗೆರೆ ಕಾಣುತ್ತಿತ್ತು. ಮದುವೆ ಮಂಟಪಗಳಲ್ಲಿ ಇಡೀ ದಿನ ತಂತಿಯಿಲ್ಲದೆ ನಡೆದ ಬ್ಯಾಟರಿ. ಅವಳು ಪೆನ್ನು ತೆಗೆದುಕೊಂಡು ಒಂದು ಕಿವಿ ಬರೆದಳು. ಕೈ ಹೋದಲ್ಲಿ ಗೆರೆ ಬಂತು. ಆಮೇಲೆ ಬಣ್ಣ ಹಾಕಿದಳು.

ಕುಂಕುಮದ ಕೆಂಪು ಇಟ್ಟಿಗೆಯ ಹಾಗೆ ಕಂಡಿತು. ಹುರಿಗಡಲೆ ಸಿಪ್ಪೆಯ ಬಣ್ಣಕ್ಕೆ ಹಳದಿ ಬಡಿದಿತ್ತು. ಪರದೆ ಹಳತಾಗಿ ಅದರ ಬಣ್ಣ ತಿರುಗಿತ್ತು, ಎಷ್ಟು ಸರಿಪಡಿಸಿದರೂ ಹಾದಿಗೆ ಬರಲಿಲ್ಲ.

"ತಂಗೆಮ್ಮ, ಇಷ್ಟು ವರ್ಷ ಮದುವಿ ಮಂದಿ ಒಬ್ಬರೂ ಕೇಳಿಲ್ಲ ಅದನ್ನ," ಎಂದ ನರಸಣ್ಣ. "ಬೆಳಕು ನೋಡು ಎಷ್ಟು ಚಲೋ ಐತಿ. ಬಣ್ಣ ಬೇಕಾದ್ರ ಆಮೇಲೆ ನಿಮ್ಮ ಅಂಗಡ್ಯಾಗ ಕುಂತು ತಿದ್ದಿಕೋ."

ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಫ್ಲೆಕ್ಸಿನವರಿಗೆ ಬಣ್ಣವೆಂದರೆ ಪ್ರಾಣ. ಹಿಂದೊಮ್ಮೆ ಇಂಥದೇ ಪರದೆಯನ್ನು ನಂಬಿ ಒಬ್ಬ ಪುಢಾರಿಯ ಮುಖ ಊರ ತುಂಬ ಹಸಿರಾಗಿ ನೇತಾಡಿ, ಅವನ ಮಂದಿ ಅಂಗಡಿಗೆ ನುಗ್ಗಿ ಬಾಯಿಗೆ ಬಂದಂತೆ ಬೈದು ಹೋಗಿದ್ದರು. ಆ ಹೆದರಿಕೆ ಅರ್ಜುಮಂದಳ ಮೈಯಲ್ಲಿ ಉಳಿದುಬಿಟ್ಟಿತ್ತು. ಜೀವಮಾನದಲ್ಲಿ ಒಂದೇ ಒಂದು ನಿಜವಾದ ಮುಖ ಬರೆಯುವಾಗ ಸುಳ್ಳು ಬಣ್ಣದ ಪರದೆಯೇ ಎಂದುಕೊಂಡಳು. ಬ್ಯಾಡ್ರಿ ಅಣ್ಣಾ ಎಂದು ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಇಳಿದಳು. ನೋಡುವ ಕಣ್ಣಿಗೆ ಬಣ್ಣ ಬೇಕೋ ಬೆಳಕು ಬೇಕೋ ಎಂದು ಅವಳು ಅವತ್ತು ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೆ ಈ ಕಥೆ ಇಲ್ಲಿಗೇ, ಒಳ್ಳೆಯ ರೀತಿಯಲ್ಲಿ ಮುಗಿಯುತ್ತಿತ್ತು.

ಕೊನೆಗೆ ಬಣ್ಣಕ್ಕೆ ಹೆಸರಾದ ಒಂದು ಹೊಸ ಯಂತ್ರವನ್ನು ಆನ್‌ಲೈನಿನಲ್ಲಿ ತರಿಸಲು ಹೇಳಿದಳು. ಅದು ಸಿಗುವುದು ತಡ ಎಂದರು, ಕಾದಳು. ಬಂದ ದಿನ ದಾನಿಷ್ ಪೆಟ್ಟಿಗೆ ಬಿಚ್ಚಿದ. ಅವರ ತಾಯಿ ಹುಸೇನ್‌ಬೀ ದೂರದಿಂದಲೇ ಅದನ್ನು ನೋಡಿದಳು. ಅವಳ ಮನೆಯ ಗೋಡೆಗೆ ಒಂದು ಮುಖವೂ ಇರಲಿಲ್ಲ. ಮುಖಗಳಿರುವ ಮನೆಗೆ ದೇವದೂತರಾದ ಫರಿಶ್ತೆಗಳು ಬರುವುದಿಲ್ಲ ಎಂಬುದು ಅವಳ ನಂಬಿಕೆ, ಇಷ್ಟು ದಿನ ಮಗಳ ಮುಖಗಳೆಲ್ಲ ಅಂಗಡಿಯಲ್ಲೇ ಉಳಿದಿದ್ದರಿಂದ ಜಗಳವಿರಲಿಲ್ಲ. ಈಗ ಯಂತ್ರದ ಮೇಲೆ ತನ್ನ ಹಳೆಯ ಓಢಣಿ ಹೊದಿಸಿದಳು. ಅರ್ಜುಮಂದ್ ಅದನ್ನು ಮೆಲ್ಲಗೆ ಸರಿಸಿ, ಅಂಗಡಿಯಿಂದ ತಂದುಕೊಂಡಿದ್ದ ಶರಣಮ್ಮನ ಕಡತ ತೆರೆದಳು. ಕಿವಿ, ಹುಬ್ಬು ಎರಡೂ ಕಣ್ಣಿಗೆ ಕಟ್ಟುವಂತೆ ಬಂದವು. ಹುರಿಗಡಲೆ ಸಿಪ್ಪೆಯ ಬಣ್ಣ ಕಲಸಿ ನೋಡಿದಳು, ಹಿಡಿ ತುಂಬ ಹುರಿಗಡಲೆ ತಂದು ಪಕ್ಕದಲ್ಲಿಟ್ಟು ನೋಡಿದಳು. ಎರಡಕ್ಕೂ ಭೇದವಿರಲಿಲ್ಲ. ಇದಕ್ಕಾಗಿ ಕಾದದ್ದು ಸಾರ್ಥಕ ಎಂದುಕೊಂಡಳು.

ಮರುದಿನ ಬೆಳಿಗ್ಗೆ ಅಮರಗುಂಡಪ್ಪನಿಗೆ ತಾನೇ ಫೋನು ಮಾಡಿದಳು. ಯಂತ್ರ ಬಂತು, ಇವತ್ತೇ ಬರುತ್ತೇನೆ ಎಂದಳು.

"ಬರ್ರಿ," ಎಂದ ಅವನು. "ಅವ್ವಗ ಈಗ ಬಾಗಲ ಯಾವ ಕಡೆ ಐತಿ ಅಂಬೋದಷ್ಟ ತಿಳೀತೈತಿ ತಂಗಿ. ಆದ್ರೂ ಹಟ ಬಿಟ್ಟಿಲ್ಲ. ಬರ್ರಿ ನೀವು."

ಬೆಳಕಿನ್ನೂ ತಿಳಿಯುತ್ತದಲ್ಲ, ಪರದೆಯನ್ನು ಪೂರಾ ಬೆಳಗಿಸಿ ಹತ್ತಿರ ಹಿಡಿದರೆ ಆದೀತು ಎಂದು ಅರ್ಜುಮಂದ್ ತನಗೆ ತಾನೇ ಧೈರ್ಯ ಹೇಳಿಕೊಂಡು ಹೊರಟಳು. ಬಸ್ಸಿನಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಚೀಲವನ್ನು ಕೂಸಿನ ಹಾಗೆ ತೊಡೆಯ ಮೇಲೆ ಅವುಚಿಕೊಂಡು ಕೂತಳು. ಮಸ್ಕಿಯಲ್ಲಿ ಬಸ್ಸು ನಿಂತಾಗ ನರಸಣ್ಣನ ಸ್ಟುಡಿಯೋದ ಬೋರ್ಡು ಕಂಡಿತು, ಮುಖ ಆಚೆ ತಿರುಗಿಸಿಕೊಂಡಳು. ಲಿಂಗಸುಗೂರಿನಲ್ಲಿ ಬಸ್ಸು ಬದಲಿಸಿ ಗುರುಗುಂಟಾ ಮುಟ್ಟಿದಾಗ ಬಿಸಿಲು ಏರಿತ್ತು.

ಪಡಸಾಲೆಯ ಗೋಡೆಗೆ ಮನೆಯ ಹಿರಿಯರ ಫೋಟೋಗಳು ಸಾಲಾಗಿದ್ದವು. ಅರ್ಜುಮಂದ್ ಕೋಟು ತೊಡಿಸಿದ್ದ ಅಂಬಮ್ಮನ ಗಂಡನೂ ಅಲ್ಲಿದ್ದ. ಅವನ ಪಕ್ಕದಲ್ಲಿ ಒಂದು ಬರಿ ಮೊಳೆ. ಅಂಬಮ್ಮನೇ ಹಟ ಮಾಡಿ ಹೊಡೆಸಿದ್ದಂತೆ. ಮುದುಕಿಯ ತಲೆ ಬಾಚಿ, ಹೊಸ ಸೀರೆ ಉಡಿಸಿ, ಮಂಚದ ಮೇಲೆ ದಿಂಬಿಗೆ ಒರಗಿಸಿ ಕೂರಿಸಿದ್ದರು. ಅವಳ ಮುಖ ಬಾಗಿಲ ಬೆಳಕಿನ ಕಡೆ ಇತ್ತು.

"ಬಂದೇನವ್ವ," ಎಂದಳು. "ಕುಂದ್ರು. ಕಿವಿ ಆಗೈತಿ, ಹುಬ್ಬು ಆಗೈತಿ. ಈಗ ಕಣ್ಣು ಬರಿ."

"ಹೆಂಗಿದ್ವು ಹೇಳ್ರಿ ಅಮ್ಮಾ."

"ದೊಡ್ಡವು."

ಅರ್ಜುಮಂದ್ ಬರೆದಳು. ಪರದೆಯ ಬೆಳಕನ್ನು ತುದಿಗೇರಿಸಿ ಮುದುಕಿಯ ಮುಖದ ಹತ್ತಿರ ಹಿಡಿದಳು. "ಹಿಂಗೇನ್ರಿ?"

"ಹೌದು, ಹಿಂಗ."

"ಸ್ವಲ್ಪ ಸಣ್ಣವು ಮಾಡ್ಲೇನ್ರಿ?"

"ಹ್ಞೂಂ, ಮಾಡು. ಹಂಗ ಇದ್ವು."

ಕಿವಿಯ ಒಂದು ಅಂಚಿಗೆ ಅಷ್ಟು ಸಲ ಅಲ್ಲ ಅಲ್ಲ ಎಂದವಳು ಈಗ ಎಲ್ಲದಕ್ಕೂ ಹೌದು ಎನ್ನುತ್ತಿದ್ದಳು. ಮೂಗು ಬರೆದು ತೋರಿಸಿದಳು, ಹೌದು. ಮನಸ್ಸು ತಡೆಯದೆ ಅದನ್ನು ಅಳಿಸಿ ಬೇರೆಯದೇ ಮೂಗು ಬರೆದು ತೋರಿಸಿದಳು, ಅದೂ ಹೌದು. ಆದರೂ ಅರ್ಜುಮಂದ್ ಕೈ ನಿಲ್ಲಿಸಲಿಲ್ಲ, ನಿಲ್ಲಿಸಿದರೆ ತನಗೆ ತಿಳಿದದ್ದು ಮುದುಕಿಗೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆ. ತುಟಿ, ಗಲ್ಲ, ಹಣೆಯ ಮೇಲೆ ಬಿದ್ದ ಕೂದಲು ಎಲ್ಲವನ್ನೂ ಅಂಬಮ್ಮನ ಸುಕ್ಕುಗಳ ಹಿಂದೆ ಹುಡುಕಿ, ಅಮರಗುಂಡಪ್ಪನ ಮುಖದಿಂದ ಒಂದಿಷ್ಟು ತೆಗೆದು, ಉಳಿದದ್ದನ್ನು ಊಹೆಯಿಂದ ತುಂಬಿದಳು. ಹುರಿಗಡಲೆ ಸಿಪ್ಪೆಯ ಬಣ್ಣ ಹಚ್ಚಿದಳು. ಚಂದದ ಹುಡುಗಿ ಮೂಡಿತು. ಯಾವ ಹುಡುಗಿ ಎಂಬುದು ಮಾತ್ರ ಬರೆದವಳಿಗೆ ಗೊತ್ತಿರಲಿಲ್ಲ.

"ಇಲ್ಲಿ ಕೊಡು ನನ್ನ ಕೈಯಾಗ," ಎಂದಳು ಅಂಬಮ್ಮ.

ಯಂತ್ರವನ್ನು ಅವಳ ತೊಡೆಯ ಮೇಲೆ ಇಟ್ಟಳು. ಮುದುಕಿ ಎರಡೂ ಕೈಯಿಂದ ಅದರ ಅಂಚು ಹಿಡಿದು ಸುಮ್ಮನೆ ಕೂತಳು. ಅಮರಗುಂಡಪ್ಪ ಒಳಗೆ ಬಂದು ಅರ್ಜುಮಂದಳ ಪಕ್ಕ ನಿಂತ. ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ಬ್ಯಾಟರಿ ಉಳಿಸಲು ಪರದೆ ತಾನಾಗಿ ಆರುವಂಥ ಯಂತ್ರ ಅದು, ಆ ಗುಣವನ್ನು ಮೆಚ್ಚಿಯೇ ಅವಳು ಆರಿಸಿದ್ದು. ಪರದೆ ಮಂಕಾಗಿ, ಆರಿ, ಪೂರಾ ಕಪ್ಪಾಯಿತು.

ಅಂಬಮ್ಮ ಮುಖವನ್ನು ಆ ಕಪ್ಪಿನ ಹತ್ತಿರ ತಂದಳು.

"ಈಗ ಬಂದ್ಲು ನೋಡು," ಎಂದಳು. "ಇಕೀನ ನನ್ನ ಶರಣಿ. ಇನ್ನ ಏನೂ ಮುಟ್ಟಬ್ಯಾಡ ತಂಗಿ, ಹಿಂಗ ಇರಲಿ."

ಅಂಗೈಯಿಂದ ಕಪ್ಪು ಗಾಜನ್ನು ಮೇಲಿಂದ ಕೆಳಕ್ಕೆ ಸವರಿದಳು. ಕಾಣದಿದ್ದುದನ್ನು ಮುಚ್ಚಿಡಲು ಹೇಳಿದಳೋ, ನಿಜವಾಗಿಯೂ ಅವಳಿಗೆ ಕಂಡಿತೋ, ಅರ್ಜುಮಂದಳಿಗೆ ತಿಳಿಯಲಿಲ್ಲ. ಅವಳು ಕಣ್ಣೆತ್ತಿದಾಗ ಅಮರಗುಂಡಪ್ಪ ಅವಳನ್ನೇ ನೋಡುತ್ತಿದ್ದ. ಪರದೆ ಆರಿದ್ದನ್ನು ಅವನೂ ಕಂಡಿದ್ದ.

ಅವನು ಅವಳನ್ನು ಹೊರಗೆ ಕಟ್ಟೆಗೆ ಕರೆದುಕೊಂಡು ಬಂದ. ಚಹಾ ತರಿಸಿದ. ಕಣ್ಣು ಒರೆಸಿಕೊಂಡು ಹೇಳಿದ.

"ಅವ್ವ ಒಪ್ಪಿದ್ಲು, ನನಗಷ್ಟ ಸಾಕು. ಆದ್ರ ತಂಗಿ, ಆ ಕಡ್ಡಿ ತಗದು ಬಂಗಾರದ ಓಲಿ ಹಾಕ್ರಿ. ಸ್ವಲ್ಪ ಕೆಂಪಗೂ ಮಾಡ್ರಿ. ನಾಕು ಮಂದಿ ಬರೋ ಮನಿ. ಸಾವ್ಕಾರನ ಅಕ್ಕನ ಕಿವ್ಯಾಗ ಕಡ್ಡಿ ಇಟ್ಟಾರ ಅಂದ್ರ ಚಂದ ಕಾಣಂಗಿಲ್ಲ."

"ಅಮ್ಮಾರು ಬ್ಯಾಡ ಅಂದಿದ್ರಲ್ರಿ ಸಾವ್ಕಾರ್ರ."

"ಅಂದಿದ್ಲು," ಎಂದ ಅಮರಗುಂಡಪ್ಪ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ಈಗ ಅಕಿಗೆ ಕಾಣತೈತೇನು?"

ಆಗುವುದಿಲ್ಲ ಎನ್ನಬೇಕಿತ್ತು, ಓಲೆ ಹಾಕುವುದಿಲ್ಲ ಎನ್ನಬೇಕಿತ್ತು. ಆದರೆ ತಡ ಮಾಡಿ ಬಂದವಳಿಗೆ ಇಲ್ಲ ಎನ್ನುವ ಬಾಯಿ ಎಲ್ಲಿಂದ ಬರಬೇಕು. ಮಸ್ಕಿಯ ಪರದೆಯನ್ನು ಹಳದಿ ಎಂದು ಬಿಟ್ಟು ಬಂದವಳು ತಾನು. ಅದನ್ನು ತಂದಿದ್ದರೆ ಮುದುಕಿ ಅಲ್ಲ ಅಲ್ಲ ಎನ್ನುತ್ತ ಮಗಳ ಮೂಗು, ಬಾಯಿ, ಕಣ್ಣು ಎಲ್ಲವನ್ನೂ ಇವಳಿಗೆ ಒಪ್ಪಿಸಿಬಿಡುತ್ತಿದ್ದಳು. ಅರ್ಜುಮಂದ್ ಕಟ್ಟೆಯ ಮೇಲೆ ಕೂತು ಯಂತ್ರ ತೆರೆದಳು. ಬೇವಿನ ಕಡ್ಡಿಯನ್ನು ಅಳಿಸಲು ಕೈ ಬರಲಿಲ್ಲ. ಅದರ ಮೇಲೆ ಬೇರೊಂದು ಪದರು ಹಾಸಿ, ಆ ಪದರಿನ ಮೇಲೆ ಓಲೆ ಬರೆದಳು, ಮುಖಕ್ಕೆ ಬೆಳ್ಳಗಿನ ಬಣ್ಣ ಎಳೆದಳು. ಆ ಪರದೆಯ ಮೇಲೆ ಬಂಗಾರ ನಿಜವಾದ ಬಂಗಾರದ ಹಾಗೆಯೇ ಬಂತು. ಅಮರಗುಂಡಪ್ಪನಿಗೆ ಬಹಳ ಹಿಡಿಸಿತು. ಒಳಗಿನಿಂದ ಅಂಬಮ್ಮ, ಆ ಹುಡುಗಿಗೆ ಊಟ ಹಾಕ್ರಿ ಎಂದು ಕೂಗುತ್ತಿದ್ದಳು. ಅರ್ಜುಮಂದ್ ಊಟಕ್ಕೆ ನಿಲ್ಲಲಿಲ್ಲ.

ವಾಪಸು ಬರುವಾಗ ಲಿಂಗಸುಗೂರಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಊರು ದಾಟಿದ ಮೇಲೆ ಚೀಲದಿಂದ ಯಂತ್ರ ತೆಗೆದಳು. ಬೆರಳ ತುದಿಯಿಂದ ಮೇಲಿನ ಪದರು ಸರಿಸಿದಳು. ಓಲೆ ಹೋಯಿತು, ಬಿಳುಪು ಹೋಯಿತು, ಕಡ್ಡಿ ಇದ್ದಲ್ಲೇ ಇತ್ತು. ಆ ಕಿವಿ ಶರಣಮ್ಮನದು, ನಡುವೆ ಕೂದಲಿಲ್ಲದ ಆ ಹುಬ್ಬೂ ಅವಳದೇ. ಉಳಿದದ್ದು ಅವಳದಲ್ಲ. ಇನ್ನು ಯಾರನ್ನು ಕೇಳಬೇಕು ಎಂದು ಯೋಚಿಸಿದಳು. ಕೇಳಲು ಯಾರೂ ಇರಲಿಲ್ಲ.

ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸು ಕುತ್ತಿಗೆ ಚಾಚಿ ನೋಡಿದಳು.

"ಚಂದ ಅದಾಳ ಹುಡುಗಿ. ಕಿವ್ಯಾಗ ಕಡ್ಡಿ ಇಟ್ಟಾರಲ್ಲ, ಈಗೀಗ ಚುಚ್ಚಿಸ್ಯಾರ ಕಾಣತೈತಿ. ಯಾರ ಮಗಳವ್ವ?"

ಅರ್ಜುಮಂದ್ ಪರದೆ ಮುಚ್ಚಿದಳು.

"ಯಾರ ಮಗಳೂ ಅಲ್ರಿ," ಎಂದಳು.